ಛಾಯಾಚಿತ್ರಗಾರನ ನೆನಪುಗಳು ಮತ್ತು ನಮ್ಮ ಮನೆಯ ಗೇಟು

ಉಮ್ರಾ ಯಾತ್ರೆ ಮುಗಿಸಿ ಮರಳುವ ದಾರಿಯಲ್ಲಿ ನಾವು ಐದು ದಿನ ಅಲ್ ಐನ್ ನಗರದಲ್ಲಿರುವ ತಮ್ಮನ ಮನೆಯಲ್ಲಿ ತಂಗಿದ್ದೆವು. ಅಬುಧಾಬಿಯ ಸಂಸ್ಥಾನಕ್ಕೆ ಸೇರಿದ, ಒಮಾನಿನ ಗಡಿಗೆ ಅಂಟಿಕೊಂಡ ಈ ಊರು ಮರಳಿನ ನಡುವೆ ಖರ್ಜೂರದ ತೋಟಗಳನ್ನು ಹೊದ್ದುಕೊಂಡಿದೆ. ಫಲಜ್ ಎಂದು ಕರೆಯಲ್ಪಡುವ ಹಳೆಯ ಕಾಲುವೆಗಳಲ್ಲಿ ಇಂದಿಗೂ ತೋಟಕ್ಕೆ ನೀರು ಹರಿಯುತ್ತದೆ. ಶುಕ್ರವಾರ ಜುಮಾ ನಮಾಝಿನ ಬಳಿಕ ತಮ್ಮನು ನಮ್ಮನ್ನು ಅಲ್ ಜಾಹಿಲೀ ಎಂಬ ಮಣ್ಣಿನ ಕೋಟೆಗೆ ಕರೆದೊಯ್ದನು. 19ನೆಯ ಶತಮಾನದ ಕೊನೆಯಲ್ಲಿ ಕಟ್ಟಿದ ಕೋಟೆಯದು. ಕೋಟೆಯನ್ನು ನೋಡಿ ಸಂಜೆಯೊಳಗೆ ಮನೆ ಸೇರೋಣ ಎಂದಷ್ಟೇ ನಮ್ಮ ಎಣಿಕೆಯಾಗಿತ್ತು. ಆದರೆ ಅದರೊಳಗಿನ ಕೋಣೆಗಳ ಗೋಡೆಯ ಮೇಲಿದ್ದ ಕಪ್ಪು ಬಿಳುಪು ಛಾಯಾಚಿತ್ರಗಳು ನಮ್ಮನ್ನು ಅಸರ್‌ನ ಅಝಾನ್ ಕೇಳುವವರೆಗೆ ಹಿಡಿದು ನಿಲ್ಲಿಸಿದವು.

ಒಂದು ಚಿತ್ರದಲ್ಲಿ ಹದಿಹರೆಯದ ಹುಡುಗನೊಬ್ಬನಿದ್ದನು. ಕೆದರಿದ ಉದ್ದ ಕೂದಲು, ಬಡಕಲು ಮೈ, ನೇರವಾದ ನೋಟ. ಇನ್ನೊಂದರಲ್ಲಿ ದಿಬ್ಬಗಳ ನಡುವೆ ಒಂಟೆಗಳ ಸಣ್ಣ ಸಾಲು. ನೋಡಿದಷ್ಟು ದೂರವೂ ಮರಳು. "ಇವುಗಳನ್ನು ತೆಗೆದವನು ಒಬ್ಬ ಇಂಗ್ಲಿಷಿನವನು, ಅಣ್ಣಾ. ಇಲ್ಲಿಯ ಜನ ಅವನನ್ನು ಮುಬಾರಕ್ ಬಿನ್ ಲಂಡನ್ ಎನ್ನುತ್ತಾರೆ" ಎಂದು ತಮ್ಮನು ಹೇಳಿದನು. ಲಂಡನ್ನಿನ ಮಗ ಮುಬಾರಕ್! ಆ ಹೆಸರು ನಮ್ಮ ಕುತೂಹಲವನ್ನು ಕೆರಳಿಸಿತು.

ಇಲ್ಲಿ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಮದ್ರಸದ ಅಂಗಳದಲ್ಲಿ ಬೆಳೆದ ನಮಗೆ ಚಿತ್ರಗಳ ಬಗ್ಗೆ ಮೊದಲಿನಿಂದಲೂ ಒಂದು ಅಂಜಿಕೆ. ಛಾಯಾಚಿತ್ರದ ವಿಷಯದಲ್ಲಿ ವಿದ್ವಾಂಸರ ನಡುವೆ ಭಿನ್ನಾಭಿಪ್ರಾಯಗಳಿವೆ. ನಮ್ಮ ಉಸ್ತಾದರು ಅಗತ್ಯವಿದ್ದಲ್ಲಿ ಮಾತ್ರ ಎಂಬ ಅಭಿಪ್ರಾಯದವರಾಗಿದ್ದರು. ನಮ್ಮ ಉಮ್ಮ ಹಜ್ಜಿನ ಪಾಸ್‌ಪೋರ್ಟಿಗಲ್ಲದೆ ಬೇರೆ ಯಾವುದಕ್ಕೂ ಕ್ಯಾಮೆರಾದ ಮುಂದೆ ಕುಳಿತವರಲ್ಲ. ಹೀಗಿದ್ದೂ ಆ ದಿನ ಆ ಗೋಡೆಗಳ ಮುಂದೆ ನಿಂತಾಗ ನಮ್ಮ ಮನಸ್ಸಿನಲ್ಲಿ ಎದ್ದ ಪ್ರಶ್ನೆ ಚಿತ್ರ ಸರಿಯೋ ತಪ್ಪೋ ಎಂಬುದಾಗಿರಲಿಲ್ಲ. ತನ್ನ ಭಾಷೆಯವರಲ್ಲದ, ತನ್ನ ಧರ್ಮದವರಲ್ಲದ ಜನರ ನಡುವೆ ಈ ಮನುಷ್ಯ ಹೇಗೆ ಬದುಕಿದ? ಅವರು ಅವನನ್ನು ಏಕೆ ಸೇರಿಸಿಕೊಂಡರು? ಇದು ನಮ್ಮನ್ನು ಕಾಡಿತು.

ಊರಿಗೆ ಮರಳಿದ ಮೇಲೆ, ಇಂಗ್ಲಿಷ್ ಬಲ್ಲ ಸೋದರಳಿಯನ ನೆರವಿನಿಂದ ಆತನ ಪ್ರವಾಸದ ನೆನಪುಗಳ ಪುಸ್ತಕವನ್ನು ನಿಧಾನವಾಗಿ ಓದಿ ಮುಗಿಸಿದೆವು. 1959ರಲ್ಲಿ ಪ್ರಕಟವಾದ ಆ ಪುಸ್ತಕದ ಹೆಸರು 'ಅರೇಬಿಯನ್ ಸ್ಯಾಂಡ್ಸ್'. ಬರೆದವರು ವಿಲ್ಫ್ರೆಡ್ ಥೆಸಿಗರ್. 1910ರಲ್ಲಿ ಇಥಿಯೋಪಿಯಾದ ಅಡಿಸ್ ಅಬಾಬಾದಲ್ಲಿ ಬ್ರಿಟಿಷ್ ರಾಯಭಾರಿಯ ಮಗನಾಗಿ ಹುಟ್ಟಿದವರು, 2003ರಲ್ಲಿ ತೀರಿಕೊಂಡವರು. 1945ರಲ್ಲಿ ಅವರಿಗೆ ಅರೇಬಿಯಾದಲ್ಲಿ ದೊರೆತ ಕೆಲಸ ವಿಚಿತ್ರವಾದುದು. ಬೆಳೆ ತಿನ್ನುವ ಮಿಡತೆಗಳು ಮರುಭೂಮಿಯಲ್ಲಿ ಎಲ್ಲಿ ಮರಿಮಾಡುತ್ತವೆ ಎಂಬುದನ್ನು ಹುಡುಕುವುದು. ಆ ನೆಪದಲ್ಲಿ ಅವರು ರುಬುಉಲ್ ಖಾಲಿ ಎಂಬ ಮಹಾ ಮರಳುಗಾಡನ್ನು ಎರಡು ಬಾರಿ ದಾಟಿದರು. 1946ರ ಕೊನೆಯಲ್ಲಿ ಒಮ್ಮೆ, 1948ರ ಆರಂಭದಲ್ಲಿ ಮತ್ತೊಮ್ಮೆ. ಸುಮಾರು ಆರೂವರೆ ಲಕ್ಷ ಚದರ ಕಿಲೋಮೀಟರ್ ಹರಡಿರುವ ಆ ಪ್ರದೇಶಕ್ಕೆ ಅರಬರೇ 'ಬರಿದಾದ ಕಾಲುಭಾಗ' ಎಂಬರ್ಥದ ಹೆಸರಿಟ್ಟಿದ್ದಾರೆ.

ಅವರ ಬಳಿ ಇದ್ದುದು ಒಂದು ಸಣ್ಣ ಲೈಕಾ ಕ್ಯಾಮೆರಾ. ಮರಳು ನುಗ್ಗದಂತೆ ಅದನ್ನು ಮೇಕೆಯ ಚರ್ಮದ ಚೀಲದಲ್ಲಿ ಇಡುತ್ತಿದ್ದರು. ಜೊತೆಗಿದ್ದವರು ರಾಶಿದ್ ಮುಂತಾದ ಗೋತ್ರಗಳ ಬದವಿ ಅರಬರು. ಕೋಟೆಯಲ್ಲಿ ನಾವು ಕಂಡ ಹುಡುಗ ಅವರಲ್ಲೊಬ್ಬ, ಸಾಲಿಮ್ ಬಿನ್ ಕಬೀನಾ. ಥೆಸಿಗರ್ ಅವರಂತೆಯೇ ಬಟ್ಟೆ ಧರಿಸಿದರು, ಬರಿಗಾಲಲ್ಲಿ ನಡೆದರು, ಅವರ ತಟ್ಟೆಯಲ್ಲೇ ಉಂಡರು, ಅವರಂತೆಯೇ ಬಾಯಾರಿದರು. ಆದರೂ ಆ ಬದುಕು ಅವರಿಗೆ ಸುಲಭವಾಗಿ ಒಗ್ಗಲಿಲ್ಲ. ಏಕಾಂತ ಎಂಬುದೇ ಅಲ್ಲಿರಲಿಲ್ಲ. ಏನು ಮಾಡಿದರೂ ಎಲ್ಲರೂ ನೋಡುವರು, ಯಾರೊಂದಿಗೆ ಏನು ಮಾತಾಡಿದರೂ ಎಲ್ಲರೂ ಬಾಯಿ ಹಾಕುವರು. ಇದ್ದುದನ್ನು ಕೇಳಿದವನಿಗೆ ಕೊಟ್ಟುಬಿಡಬೇಕು. ತನ್ನ ಸಿಡುಕನ್ನು, ಅಸಹನೆಯನ್ನು ಅವರು ಪುಸ್ತಕದಲ್ಲಿ ಮುಚ್ಚಿಡುವುದಿಲ್ಲ. ನಮಗೆ ಆ ಪುಸ್ತಕ ಹಿಡಿಸಿದ್ದು ಈ ಪ್ರಾಮಾಣಿಕತೆಯಿಂದ.

ಬಿನ್ ಕಬೀನಾ ಒಮ್ಮೆ ಕೊರೆಯುವ ಚಳಿಯಲ್ಲಿ ಬರಿಯ ಅಂಗಿಯೊಂದನ್ನೇ ಧರಿಸಿ ಬಂದನಂತೆ. ಸೊಂಟಕ್ಕೆ ಸುತ್ತಿಕೊಳ್ಳುವ ಬಟ್ಟೆ ಎಲ್ಲಿ ಎಂದು ಕೇಳಿದರೆ, ಒಬ್ಬನು ಕೇಳಿದ, ಕೊಟ್ಟೆ ಎಂಬ ಉತ್ತರ. ಥೆಸಿಗರ್ ಅವನನ್ನು ಗದರಿದರು. ಹುಡುಗನಿಗೆ ಗದರಿಕೆಯ ಅರ್ಥವೇ ಆಗಲಿಲ್ಲ. ಇನ್ನೊಮ್ಮೆ ಹರಕು ಬಟ್ಟೆಯ ಮುದುಕನೊಬ್ಬನು ಇವರ ಬಿಡಾರಕ್ಕೆ ಬಂದನು. ಬದವಿಗಳು ಅವನನ್ನು ಅಪಾರ ಗೌರವದಿಂದ ಬರಮಾಡಿಕೊಂಡರು. ಈತ ಒಂದು ಕಾಲದಲ್ಲಿ ಸಿರಿವಂತನಾಗಿದ್ದ ಎಂದು ತಿಳಿದಾಗ ಥೆಸಿಗರ್, ದರೋಡೆಯಲ್ಲಿ ಒಂಟೆಗಳನ್ನು ಕಳೆದುಕೊಂಡಿರಬೇಕು ಎಂದು ಊಹಿಸಿದರು. ನಿಜ ಸಂಗತಿ ಬೇರೆಯೇ ಆಗಿತ್ತು. ತನ್ನ ಗುಡಾರಕ್ಕೆ ಯಾರೇ ಬಂದರೂ ಒಂದು ಒಂಟೆಯನ್ನು ಕಡಿದು ಉಣಿಸುತ್ತಾ ಉಣಿಸುತ್ತಾ ಆತ ಬಡವನಾಗಿದ್ದನು. ಇದನ್ನು ಹೇಳುವಾಗ ಬಿನ್ ಕಬೀನಾನ ದನಿಯಲ್ಲಿ ಕನಿಕರವಿರಲಿಲ್ಲ, ಹೊಟ್ಟೆಕಿಚ್ಚು ಇತ್ತು ಎಂದು ಲೇಖಕರು ದಾಖಲಿಸುತ್ತಾರೆ. ನಮ್ಮಲ್ಲಿ ಮನೆ ಕಟ್ಟಿಸಿದವನನ್ನು, ಕಾರು ಕೊಂಡವನನ್ನು ಕಂಡು ಹೊಟ್ಟೆಕಿಚ್ಚು ಪಡುವವರುಂಟು. ಕೊಟ್ಟು ಬರಿಗೈಯಾದವನನ್ನು ಕಂಡು ಯಾರಾದರೂ ಹಾಗೆ ಕರುಬಿದ್ದನ್ನು ನಾವು ಕಂಡಿಲ್ಲ.

ಆದರೆ ಓದುತ್ತಾ ಓದುತ್ತಾ ನಮ್ಮನ್ನು ತಡೆದು ನಿಲ್ಲಿಸಿದ್ದು ಒಂದು ಮೊಲದ ಪ್ರಸಂಗ. ಮೊದಲ ಯಾತ್ರೆಯಲ್ಲಿ ಆಹಾರ ಬಹುತೇಕ ಮುಗಿದು, ಹಿಡಿ ಹಿಟ್ಟಿನಲ್ಲಿ ದಿನ ದೂಡುತ್ತಿದ್ದ ಕಾಲ. ಆಗ ಒಂದು ಮೊಲ ಸಿಕ್ಕಿತು. ಎಷ್ಟೋ ದಿನಗಳ ಬಳಿಕ ಮಾಂಸದ ಮುಖ ಕಾಣುವ ಭಾಗ್ಯ. ಸುಡಬೇಕೋ ಬೇಯಿಸಬೇಕೋ ಎಂದು ದೊಡ್ಡ ಚರ್ಚೆಯೇ ನಡೆದು, ಕೊನೆಗೆ ಸಾರು ಮಾಡುವುದೆಂದು ತೀರ್ಮಾನವಾಯಿತು. ಎಲ್ಲರೂ ಒಲೆಯ ಸುತ್ತ ಕುಳಿತು ಕಾಯುತ್ತಿದ್ದಾಗ ದಿಬ್ಬದ ಆಚೆಯಿಂದ ಕೆಲವರು ಅರಬರು ಬರುವುದು ಕಾಣಿಸಿತು. ಬಂದವರಿಗೆ ಸಲಾಮ್ ಹೇಳಿ, ಸುದ್ದಿ ಕೇಳಿ, ಕಾಫಿ ಕಾಸಿ ಕೊಟ್ಟರು. ಬಳಿಕ ಮೊಲವನ್ನೂ ರೊಟ್ಟಿಯನ್ನೂ ಪೂರ್ತಿಯಾಗಿ ಅವರ ಮುಂದಿಟ್ಟರು. ಅತಿಥಿಗಳು ಸಂಕೋಚಪಟ್ಟಾಗ ಅಲ್ಲಾಹನ ಹೆಸರಿನಲ್ಲಿ ಒತ್ತಾಯಿಸಿದರು. ನಿಮ್ಮ ಬರವಿನಿಂದ ಈ ದಿನ ಶುಭವಾಯಿತು ಎಂದು ಬಿನ್ ಕಬೀನಾ ಸಂತೋಷದಿಂದ ಹೇಳಿದನು. ಆ ಹೊತ್ತಿನಲ್ಲಿ ತನ್ನ ಮನಸ್ಸಿನಲ್ಲಿ ಬಂದವರ ಮೇಲೆ ಕೊಲ್ಲುವಷ್ಟು ಕೋಪವಿತ್ತು ಎಂದು ಥೆಸಿಗರ್ ಬರೆಯುತ್ತಾರೆ. ಆದರೂ ತಾನೂ ಇತರರಂತೆ ನಗುಮುಖದಿಂದ ಉಪಚರಿಸಿದರು.

ಓದುಗ ಬಂಧುಗಳಿಗೆ ಈ ಪ್ರಸಂಗ ಅಪರಿಚಿತವೆನಿಸದು. ಹದೀಸ್ ಗ್ರಂಥಗಳಲ್ಲಿ ಬಂದಿರುವ ಮದೀನಾದ ಅನ್ಸಾರಿ ದಂಪತಿಯ ಕಥೆಯನ್ನು ನಾವು ಮದ್ರಸದ ಮೂರನೆಯ ತರಗತಿಯ ಮಕ್ಕಳಿಗೂ ಹೇಳಿಕೊಡುತ್ತೇವೆ. ಪ್ರವಾದಿ(ಸ)ರವರ ಬಳಿ ಹಸಿದ ಒಬ್ಬನು ಬಂದನು. ಅವರ ಮನೆಗಳಲ್ಲಿ ನೀರಿನ ಹೊರತು ಏನೂ ಇರಲಿಲ್ಲ. ಅನ್ಸಾರಿಯೊಬ್ಬರು ಆತನನ್ನು ಮನೆಗೆ ಕರೆದೊಯ್ದರು. ಅಲ್ಲಿದ್ದುದು ಮಕ್ಕಳ ಊಟ ಮಾತ್ರ. ಮಕ್ಕಳನ್ನು ಸಮಾಧಾನಪಡಿಸಿ ಮಲಗಿಸಿದರು, ದೀಪವನ್ನು ಆರಿಸಿದರು, ಕತ್ತಲಲ್ಲಿ ತಾವೂ ಉಣ್ಣುತ್ತಿರುವಂತೆ ನಟಿಸಿ ಅತಿಥಿಗೆ ಹೊಟ್ಟೆ ತುಂಬಾ ಉಣಿಸಿದರು. ತಮಗೇ ಕೊರತೆಯಿದ್ದರೂ ಇತರರಿಗೆ ಆದ್ಯತೆ ಕೊಡುವವರ ಬಗ್ಗೆ ಸೂರಃ ಅಲ್ ಹಶ್ರ್‌ನಲ್ಲಿ ಬಂದಿರುವ ಪ್ರಶಂಸೆಯನ್ನು ಈ ಘಟನೆಯೊಂದಿಗೆ ಜೋಡಿಸಿ ಹೇಳಲಾಗುತ್ತದೆ. ಇಬ್ರಾಹೀಮ್(ಅ)ರವರು ಅಪರಿಚಿತ ಅತಿಥಿಗಳ ಮುಂದೆ ಹುರಿದ ಕರುವನ್ನು ತಂದಿಟ್ಟ ವೃತ್ತಾಂತವೂ ಕುರ್‌ಆನಿನಲ್ಲಿದೆ. ಅವರು ಮೊದಲು ಆತಿಥ್ಯ ಮಾಡಿದರು, ಬಂದವರು ಯಾರೆಂಬುದು ತಿಳಿದದ್ದು ಆಮೇಲೆ.

ಇಷ್ಟನ್ನೇ ಬರೆದಿದ್ದರೆ ಆ ಪುಸ್ತಕ ನಮಗೆ ಹೆಮ್ಮೆಯನ್ನು ಮಾತ್ರ ಕೊಡುತ್ತಿತ್ತು. ಆದರೆ ಅದರಲ್ಲಿ ಇನ್ನೊಂದು ಪುಟವೂ ಇದೆ. ಎರಡನೆಯ ಯಾತ್ರೆಯಲ್ಲಿ ಥೆಸಿಗರ್ ಮತ್ತು ಸಂಗಾತಿಗಳು ಬಾವಿಯಿಂದ ಬಾವಿಗೆ 16 ದಿನ ನೀರಿಲ್ಲದ ದಾರಿ ಸವೆಸಿ ಸೌದಿ ಅರೇಬಿಯಾದ ಸುಲೈಯಿಲ್ ಸೇರಿದರು. ದೊರೆ ಇಬ್ನು ಸವೂದರ ಅನುಮತಿಯಿಲ್ಲದೆ ಬಂದ ಕಾರಣಕ್ಕೆ ಬಂಧನಕ್ಕೊಳಗಾದರು. ದೊರೆಯ ಆಪ್ತರಾಗಿದ್ದ ಫಿಲ್ಬಿಯವರ ಮಧ್ಯಸ್ಥಿಕೆಯಿಂದ ಬಿಡುಗಡೆಯಾಯಿತು. ಮುಂದೆ ಲೈಲಾ ಎಂಬ ಊರಿಗೆ ಬಂದರು. ಅದು ಧಾರ್ಮಿಕ ಕಟ್ಟುನಿಟ್ಟಿಗೆ ಹೆಸರಾದ ಊರು. ಇವನು ಕ್ರೈಸ್ತನೆಂದು ಜನರು ಮುಖ ತಿರುಗಿಸಿದರು. ಇವನನ್ನು ಕರೆತಂದ ತಪ್ಪಿಗೆ ಜೊತೆಗಿದ್ದ ಬದವಿಗಳನ್ನೂ ನಿಂದಿಸಿದರು. ಅಂಗಡಿಯವರು ಇವನ ನಾಣ್ಯಗಳನ್ನು ಎಲ್ಲರೆದುರು ನೀರಿನಲ್ಲಿ ತೊಳೆದ ಬಳಿಕವೇ ಮುಟ್ಟಿದರಂತೆ. ದಾರಿ ತೋರಿಸಲು ಒಬ್ಬನೂ ಮುಂದೆ ಬರಲಿಲ್ಲ. ಕೊನೆಗೆ ನಕ್ಷೆಯೊಂದನ್ನು ನಂಬಿ ಮರಳಿಗಿಳಿಯಬೇಕಾಯಿತು. ಬಿನ್ ಕಬೀನಾ ಮತ್ತು ಅವನ ಗೆಳೆಯರು ಮಾತ್ರ ಅವರನ್ನು ಬಿಡಲಿಲ್ಲ. ಜೊತೆಗೆ ಹೊರಟವನು ರಫೀಕ್. ಅವನ ಪ್ರಾಣ ತಮ್ಮ ಪ್ರಾಣಕ್ಕೆ ಸಮ ಎಂಬುದು ಅವರ ನಿಷ್ಠೆ.

ಅವರೂ ನಮಾಝ್ ಮಾಡುವವರು, ಇವರೂ ನಮಾಝ್ ಮಾಡುವವರು. ಒಬ್ಬರು ತಮ್ಮ ಮೊಲವನ್ನು ಕೊಟ್ಟರು, ಒಬ್ಬರು ಪರಕೀಯನ ನಾಣ್ಯವನ್ನು ತೊಳೆದರು. ಬದವಿಗಳು ದೋಷವಿಲ್ಲದವರೇನಲ್ಲ. ಗೋತ್ರಗಳ ನಡುವಿನ ದರೋಡೆ, ರಕ್ತದ ಸೇಡು ಇವೆಲ್ಲವೂ ಅದೇ ಪುಸ್ತಕದಲ್ಲಿವೆ. ಆದರೂ ಈ ಪುಟವನ್ನು ಓದಿ ಮುಚ್ಚಿದ ರಾತ್ರಿ ನಮಗೆ ನಿದ್ದೆ ಹತ್ತಲಿಲ್ಲ. ಕಾರಣ ಲೈಲಾ ಊರಿನವರಲ್ಲ. ಕಾರಣ ನಮ್ಮ ಮನೆಯ ಗೇಟು.

ಮೂರು ವರ್ಷಗಳ ಹಿಂದಿನ ರಮಝಾನ್. ನಮ್ಮ ಮನೆಯ ಪಕ್ಕದಲ್ಲಿ ಹೊಸ ಮನೆಯೊಂದರ ಕೆಲಸ ನಡೆಯುತ್ತಿತ್ತು. ಬಿಹಾರದಿಂದ ಬಂದ ಹುಡುಗರು ಗಾರೆ ಕೆಲಸ ಮಾಡುತ್ತಿದ್ದರು. ಅಂದು ನಮ್ಮಲ್ಲಿ ಇಫ್ತಾರ್ ಕೂಟ. ಜಮಾಅತಿನ ಹಿರಿಯರು ಬಂದಿದ್ದರು. ಮಗ್ರಿಬಿಗೆ ಐದು ನಿಮಿಷವಿರುವಾಗ ಇಪ್ಪತ್ತರ ಆಸುಪಾಸಿನ ಹುಡುಗನೊಬ್ಬ ಗೇಟಿನ ಬಳಿ ನಿಂತು ಸಲಾಮ್ ಹೇಳಿದನು. ಜೊತೆಯವರು ಪೇಟೆಗೆ ಹೋಗಿದ್ದಾರೆ, ತನಗೆ ಉಪವಾಸವಿದೆ, ನೀರು ಬೇಕು ಎಂದನು. ಕೈಕಾಲಿಗೆಲ್ಲ ಸಿಮೆಂಟು. ನಾವು ಒಳಗೆ ಹೋಗಿ ಖರ್ಜೂರ, ನೀರಿನ ಬಾಟಲಿ, ನಾಲ್ಕು ಸಮೋಸಗಳನ್ನು ಚೀಲಕ್ಕೆ ಹಾಕಿ ತಂದು ಗೇಟಿನ ಮೇಲಿಂದ ಕೊಟ್ಟೆವು. ಅವನು "ಜಝಾಕಲ್ಲಾಹ್" ಎಂದು ಹೇಳಿ, ಎದುರಿನ ಜಲ್ಲಿ ರಾಶಿಯ ಮೇಲೆ ಕುಳಿತು ಉಪವಾಸ ಬಿಟ್ಟನು. ಒಳಗೆ ಹಾಸಿದ್ದ ಚಾಪೆಯಲ್ಲಿ ಇನ್ನೂ ಮೂವರು ಕೂರುವಷ್ಟು ಜಾಗವಿತ್ತು. ಪಾತ್ರೆಯಲ್ಲಿ ಗಂಜಿ ಬಿಸಿಯಾಗಿತ್ತು. ರಾತ್ರಿ ತರಾವೀಹ್ ಮುಗಿಸಿ ಬಂದಾಗ ಒಂಬತ್ತು ವರ್ಷದ ಮಗಳು ಕೇಳಿದಳು: "ಉಪ್ಪಾ, ಆ ಅಣ್ಣ ಯಾಕೆ ಒಳಗೆ ಬರಲಿಲ್ಲ?" ಅವನ ಬಟ್ಟೆಯೆಲ್ಲ ಸಿಮೆಂಟಾಗಿತ್ತಲ್ಲ ಮಗಳೇ ಎಂದೆವು. ಅದೇ ವಾರ ನಾವು ಮಸೀದಿಯಲ್ಲಿ ಅತಿಥಿ ಸತ್ಕಾರದ ಕುರಿತು ಉಪನ್ಯಾಸ ಮಾಡಿದ್ದೆವು.

ಸಿಮೆಂಟು! ಆ ಉತ್ತರವನ್ನು ಕೊಡಬಾರದಿದ್ದವರು ಯಾರಾದರೂ ಇದ್ದರೆ ಅದು ನಾವೇ. ಏಕೆಂದರೆ ನಮ್ಮ ತಂದೆಯವರು 1978ರಲ್ಲಿ ಅಬುಧಾಬಿಗೆ ಹೋದದ್ದು ಸಿಮೆಂಟು ಹೊರುವ ಕೆಲಸಕ್ಕೆ. ನಾವು ಹುಟ್ಟಿದ ಸುದ್ದಿ ಅವರಿಗೆ ತಲುಪಿದ್ದು ಪತ್ರದ ಮೂಲಕ. ಅಲ್ಲಿಂದ ಅವರು ಕಳುಹಿಸುತ್ತಿದ್ದ ಫೋಟೋಗಳಲ್ಲಿ ಇಸ್ತ್ರಿ ಮಾಡಿದ ಅಂಗಿ, ಯಾರದೋ ಕಾರಿನ ಬಾಗಿಲ ಮೇಲೆ ಇಟ್ಟ ಕೈ, ಎರವಲು ಪಡೆದ ಕೈಗಡಿಯಾರ. ಹನ್ನೆರಡು ಮಂದಿ ಮಲಗುತ್ತಿದ್ದ ಕೋಣೆಯ ಫೋಟೋ ಒಂದೂ ಇಲ್ಲ. ಕರಾವಳಿಯ ಎಷ್ಟೋ ಮನೆಗಳ ಆಲ್ಬಮ್ಮಿನಲ್ಲಿ ಇದೇ ಕಥೆಯಿದೆ. ಯಾವ ಫೋಟೋದಲ್ಲೂ ಇಲ್ಲದ ಒಂದು ಸಂಗತಿಯನ್ನು ಮಾತ್ರ ಅವರು ಪ್ರತಿ ರಮಝಾನಿನಲ್ಲಿ ನಮಗೆ ಹೇಳುತ್ತಿದ್ದರು.

ಅಲ್ಲಿ ಅವರ ಮೊದಲ ರಮಝಾನ್. ಕೆಲಸ ಬಿಟ್ಟು ನಡೆದು ಬರುವಾಗ ದಾರಿಯಲ್ಲೇ ಮಗ್ರಿಬ್ ಆಯಿತು. ಮನೆಯೊಂದರ ಬಾಗಿಲಲ್ಲಿ ನಿಂತಿದ್ದ ಮುದುಕರೊಬ್ಬರು "ತಫದ್ದಲ್" ಎಂದು ಕರೆದರು. ತಂದೆಯವರು ತಮ್ಮ ಬಟ್ಟೆಯನ್ನು ತೋರಿಸಿ ಹಿಂಜರಿದರು. ಮುದುಕರು ಕೈ ಹಿಡಿದು ಒಳಗೆ ಎಳೆದುಕೊಂಡರು. ಅಂಗಳದಲ್ಲಿ ಒಂದೇ ದೊಡ್ಡ ಹರಿವಾಣ. ಸುತ್ತ ಮನೆಯ ಗಂಡಸರು. ತಂದೆಯವರಿಗೆ ಕುರ್‌ಆನ್ ಓದಲು ಬರುತ್ತಿತ್ತೇ ಹೊರತು ಅರಬಿಯಲ್ಲಿ ಒಂದು ಮಾತು ಬಾರದು. ಮುದುಕರು ಮಾತಾಡಲಿಲ್ಲ. ಹರಿವಾಣದ ಮಾಂಸದ ತುಂಡುಗಳನ್ನು ಬಿಡಿಸಿ ಬಿಡಿಸಿ ತಂದೆಯವರ ಕಡೆಗೆ ಸರಿಸುತ್ತಿದ್ದರು. "ಅವತ್ತು ನನಗೆ ಮನೆಯ ನೆನಪಾಗಿ ಅನ್ನ ಗಂಟಲಿನಲ್ಲಿ ಇಳಿಯಲಿಲ್ಲ" ಎಂದು ಹೇಳುವಾಗ ಅವರ ಕಣ್ಣು ಒದ್ದೆಯಾಗುತ್ತಿತ್ತು. ಆ ಮುದುಕರ ಹೆಸರು ಅವರಿಗೆ ತಿಳಿಯಲಿಲ್ಲ. 21 ವರ್ಷ ದುಡಿದು ಮರಳಿದ ಅವರು ಈಗ ನಮ್ಮೊಂದಿಗಿಲ್ಲ. ನಾವು ಮುಚ್ಚಿದ ಆ ಗೇಟು ಅವರ ದುಡಿಮೆಯಿಂದ ಕಟ್ಟಿದ ಮನೆಯದೇ.

ಥೆಸಿಗರ್ ಅವರ ಎಲ್ಲ ಮಾತುಗಳನ್ನೂ ನಾವು ಒಪ್ಪಲಾರೆವು. 1977ರಲ್ಲಿ ಅವರು ಮತ್ತೆ ಅಬುಧಾಬಿಗೆ ಬಂದರು. ಎಣ್ಣೆಯ ಹಣ, ಎತ್ತರದ ಕಟ್ಟಡಗಳು, ಒಂಟೆ ಬಿಟ್ಟು ಕಾರು ಏರಿದ ಗೆಳೆಯರು, ಇವನ್ನೆಲ್ಲ ಕಂಡು ಬಹಳ ನೊಂದುಕೊಂಡರು. ಬದವಿಗಳ ಉದಾತ್ತತೆ ಮರುಭೂಮಿಯ ಕಷ್ಟದಿಂದಲೇ ಹುಟ್ಟಿದ್ದು, ಕಷ್ಟ ಹೋದರೆ ಅದೂ ಹೋಗುತ್ತದೆ ಎಂಬ ಆತಂಕ ಅವರದು. ಆದರೆ ಬೇಕೆಂದಾಗ ಲಂಡನ್ನಿಗೆ ಮರಳಬಲ್ಲವರು ಇತರರ ಬಡತನವನ್ನು ಮೆಚ್ಚುವುದು ಸುಲಭ. ಬಿನ್ ಕಬೀನಾನ ಮಕ್ಕಳಿಗೂ ಆಸ್ಪತ್ರೆ ಬೇಡವೇ, ಶಾಲೆ ಬೇಡವೇ? ಅವರು ಮರುಗಿದ ಆ ಕಟ್ಟಡಗಳಿಗೆ ಸಿಮೆಂಟು ಹೊತ್ತೇ ನಮ್ಮ ತಂದೆಯವರು ನಮ್ಮನ್ನು ಓದಿಸಿದರು. ತಂದೆಯವರನ್ನು ಕೈ ಹಿಡಿದು ಒಳಗೆ ಕರೆದ ಆ ಮುದುಕರು ಎಣ್ಣೆಯ ಕಾಲ ಬಂದ ಮೇಲೂ ಬಾಗಿಲಲ್ಲಿ ನಿಂತು ದಾರಿಹೋಕನನ್ನು ಕಾಯುತ್ತಿದ್ದರು. ಔದಾರ್ಯಕ್ಕೆ ಹಸಿವೇ ಬೇಕೆಂದಿಲ್ಲ. ಅನುಕೂಲ ಬಂದಾಗ ಅದನ್ನು ಉಳಿಸಿಕೊಳ್ಳುವುದು ಕಷ್ಟ ಎಂಬುದು ಮಾತ್ರ ನಿಜ. ಆ ಕಷ್ಟದಲ್ಲಿ ಸೋತವರು ನಾವು.

ಥೆಸಿಗರ್ ಅವರೂ ಮುಂದೆ ಮೆತ್ತಗಾದರು. 1990ರಲ್ಲಿ ಅಬುಧಾಬಿಯಲ್ಲಿ ಅವರ ಚಿತ್ರಗಳ ಪ್ರದರ್ಶನ ನಡೆದಾಗ ಬಂದು, ಬದಲಾದ ನಾಡನ್ನು ಒಪ್ಪಿಕೊಂಡರು. ಬದುಕಿನುದ್ದಕ್ಕೂ ಹಲವು ದೇಶಗಳಲ್ಲಿ ತೆಗೆದ ಸುಮಾರು 38,000 ನೆಗೆಟಿವ್‌ಗಳು ಇಂದು ಆಕ್ಸ್‌ಫರ್ಡಿನ ಪಿಟ್ ರಿವರ್ಸ್ ವಸ್ತುಸಂಗ್ರಹಾಲಯದಲ್ಲಿವೆ. ಅವುಗಳಲ್ಲಿ ಕೆಲವು ಅಲ್ ಐನ್‌ನ ಕೋಟೆಯ ಗೋಡೆಗೆ ಮರಳಿ ಬಂದಿವೆ. 1948ರಲ್ಲಿ ಇದೇ ಊರಿನ ಮುವೈಜೀ ಕೋಟೆಯ ಮುಂದೆ ಶೈಖ್ ಝಾಯಿದರು ಜನರೊಂದಿಗೆ ಬರಿನೆಲದ ಮೇಲೆ ಕುಳಿತು ಅವರನ್ನು ಬರಮಾಡಿಕೊಂಡಿದ್ದರು. ಮುಂದೆ ಒಂದು ರಾಷ್ಟ್ರವನ್ನೇ ಕಟ್ಟಿದ ಆ ಜನರಿಗೆ, ತಮ್ಮ ಅಜ್ಜಂದಿರ ಮುಖಗಳನ್ನು ನೋಡಲು ಇಂದು ಆಧಾರವಾಗಿರುವುದು ಆ ಪರಕೀಯನ ಕ್ಯಾಮೆರಾ. ಅತಿಥಿಯು ತಾನು ಉಂಡದ್ದನ್ನು ಮರೆಯದೆ, ಅಮಾನತ್ತಾಗಿ ಪಡೆದುದನ್ನು ಅಮಾನತ್ತಾಗಿಯೇ ಮರಳಿಸಿದ ಎಂದು ನಮಗೆ ಅನಿಸಿತು. ಅವರು ಕೊಟ್ಟಾಗ ಇದನ್ನು ನಿರೀಕ್ಷಿಸಿ ಕೊಡಲಿಲ್ಲ.

ಪುಸ್ತಕ ಓದಿ ಮುಗಿಸಿದ ಮೇಲೆ ನಾವು ಆ ಬಿಹಾರದ ಹುಡುಗನನ್ನು ಹುಡುಕಲು ಪ್ರಯತ್ನಿಸಿದೆವು. ಪಕ್ಕದ ಮನೆ ಪೂರ್ತಿಯಾಗಿ, ಬಣ್ಣ ಬಳಿದು, ಗೃಹಪ್ರವೇಶವೂ ಆಗಿ ಎರಡು ವರ್ಷ ಕಳೆದಿತ್ತು. ಮೇಸ್ತ್ರಿಯನ್ನು ವಿಚಾರಿಸಿದರೆ, "ಆ ತಂಡ ಕೇರಳಕ್ಕೆ ಹೋಯಿತು ಉಸ್ತಾದ್. ಅದರಲ್ಲಿ ನೀವು ಹೇಳುವ ಹುಡುಗ ಯಾರೋ" ಎಂದರು. ನಾವು ಅವನ ಹೆಸರನ್ನೂ ಕೇಳಿರಲಿಲ್ಲ. ತಂದೆಯವರಿಗೆ ಆ ಮುದುಕರ ಹೆಸರು ತಿಳಿದಿರಲಿಲ್ಲ, ನಮಗೆ ಈ ಹುಡುಗನ ಹೆಸರು ತಿಳಿಯಲಿಲ್ಲ. ಎರಡರ ನಡುವಿನ ಅಂತರ ಎಷ್ಟೆಂಬುದನ್ನು ನಾವೇ ಬಲ್ಲೆವು.

ಕಳೆದ ರಮಝಾನಿನಲ್ಲಿ ಅಸರ್ ಆದ ಮೇಲೆ ಮಗಳು ಹೋಗಿ ಗೇಟನ್ನು ತೆರೆದಿಡುತ್ತಿದ್ದಳು. ನಮ್ಮ ರಸ್ತೆಯ ಕೊನೆಯಲ್ಲಿ ಕೆಲಸ ಮಾಡುವ ಜಾರ್ಖಂಡಿನ ನಾಲ್ವರು ಬರುತ್ತಿದ್ದರು. ಅವರಲ್ಲಿ ಇಬ್ಬರು ಮುಸ್ಲಿಮರು, ಇಬ್ಬರು ಅಲ್ಲ. ಚಾಪೆಗೆ ಸಿಮೆಂಟು ಅಂಟುತ್ತಿತ್ತು. ಮನೆಯವಳು ಮರುದಿನ ಒಗೆಯುತ್ತಿದ್ದಳು. ಇದನ್ನು ಹೊಗಳಿಕೆಗಾಗಿ ಬರೆಯುತ್ತಿಲ್ಲ. ಸಾಲದ ಬಡ್ಡಿಯನ್ನೂ ತೀರಿಸದ ಕಂತು ಇದು.

ದಾರಿಹೋಕನಿಗೆ ಝಕಾತಿನಲ್ಲಿಯೇ ಪಾಲಿಟ್ಟ ಧರ್ಮ ನಮ್ಮದು. ಅತಿಥಿಯನ್ನು ಆದರಿಸುವುದನ್ನು ಅಲ್ಲಾಹನಲ್ಲಿ ಮತ್ತು ಅಂತ್ಯದಿನದಲ್ಲಿ ಇಡುವ ವಿಶ್ವಾಸದ ಗುರುತಾಗಿ ಪ್ರವಾದಿ(ಸ)ರವರು ಕಲಿಸಿದ್ದಾರೆ. ನಮ್ಮ ಮನೆಗಳಲ್ಲಿ ಗಲ್ಫಿನ ಅನ್ನ ಉಣ್ಣದವರು ಕಡಿಮೆ. ಯಾರೋ ಅಪರಿಚಿತರು ನಮ್ಮ ತಂದೆಯನ್ನು, ಅಣ್ಣನನ್ನು, ಗಂಡನನ್ನು ಒಂದು ದಿನ ಒಳಗೆ ಕರೆದು ಕೂರಿಸಿದ್ದಾರೆ. ಆ ಮುಖಗಳ ಚಿತ್ರ ನಮ್ಮಲ್ಲಿಲ್ಲ. ಆದರೆ ಅಂಥವರ ಸಾಲವನ್ನು ತೀರಿಸುವ ಅವಕಾಶ ನಮ್ಮೂರಿನ ರಸ್ತೆಯಲ್ಲಿ ಇಟ್ಟಿಗೆ ಹೊತ್ತು ದಿನವೂ ನಡೆದು ಹೋಗುತ್ತಿದೆ. ಅವನನ್ನು ಒಳಗೆ ಕರೆಯೋಣ, ಮೊದಲು ಅವನ ಹೆಸರನ್ನು ಕೇಳೋಣ.

ನಮ್ಮಿಂದಾದ ಲೋಪವನ್ನು ಅಲ್ಲಾಹನು ಮನ್ನಿಸಲಿ. ಆ ಹುಡುಗ ಎಲ್ಲಿದ್ದರೂ ಅವನಿಗೆ ನಮ್ಮದಕ್ಕಿಂತ ಉತ್ತಮವಾದ ಬಾಗಿಲುಗಳನ್ನು ತೆರೆದುಕೊಡಲಿ. ಆಮೀನ್.